ಹಗುರ ಹಲಗೆಗೆ ಭಾರದ ಬಿಲ್ಲು

ಒಂಬತ್ತು ಅಡಿ ಉದ್ದದ ಸರ್ಫ್‌ಬೋರ್ಡಿನ ತೂಕ ಹೆಚ್ಚೆಂದರೆ 7–8 ಕಿಲೋ. ಕಾಲೇಜು ಹುಡುಗಿಯೊಬ್ಬಳು ಕಂಕುಳಲ್ಲಿ ಇರುಕಿಕೊಂಡು ಮರಳ ಮೇಲೆ ಆರಾಮಾಗಿ ನಡೆದು ಹೋಗುತ್ತಾಳೆ. ಅದೇ ಬೋರ್ಡು ವಿಮಾನ ನಿಲ್ದಾಣದ ಕೌಂಟರ್ ಮುಂದೆ ಬಂದು ನಿಂತಿತೋ, ಸಾವಿರಗಟ್ಟಲೆ ರೂಪಾಯಿಯ ತಕರಾರು ಶುರು. ಕೆಲವೊಮ್ಮೆ ಹೊತ್ತುಕೊಂಡವನ ಟಿಕೆಟ್ಟಿಗಿಂತ ಹೊರೆಯ ಬಾಡಿಗೆಯೇ ಜಾಸ್ತಿ. ಇನ್ನು ಕೆಲವೊಮ್ಮೆ ದುಡ್ಡು ಕೊಡುತ್ತೇನೆಂದರೂ ‘ಆಗಲ್ಲ ಸರ್, ಈ ಫ್ಲೈಟಲ್ಲಿ ಹಿಡಿಸಲ್ಲ’ ಎಂಬ ಉತ್ತರ.

ಕಡಲೇ ಇಲ್ಲದ ಕೆ.ಆರ್. ನಗರ, ಹುಣಸೂರು ಸೀಮೆಯ ಓದುಗರಿಗೆ ಈ ಪುರಾಣ ಏಕೆ ಎಂದು ಕೇಳಬಹುದು. ನಮ್ಮ ಮಿರ್ಲೆಯಂಥ ಊರಿನವರಿಗೆ ನೀರೆಂದರೆ ಕಾವೇರಿ, ನಾಲೆ, ಗದ್ದೆಬಯಲು. ನೀರಿನ ಆರ್ಭಟ ನೋಡಬೇಕೆಂದರೆ ಚುಂಚನಕಟ್ಟೆಗೆ ಹೋಗುತ್ತೇವೆ. ಆದರೆ ಈ ಊರುಗಳ ಮಕ್ಕಳು ಈಗ ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಬೆಳಗ್ಗೆ ಮುಲ್ಕಿಯಲ್ಲಿ ಇಳಿದು ಅಲೆಯ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದಾರೆ. ಕಲಿತವರಿಗೆ ಸ್ವಂತ ಬೋರ್ಡು ಬೇಕೆನಿಸುತ್ತದೆ. ಬೋರ್ಡು ಕೈಗೆ ಬಂದ ಮೇಲೆ ಶ್ರೀಲಂಕಾ, ಬಾಲಿ ಎಂದು ಮನಸ್ಸು ಹರಿಯುತ್ತದೆ. ತಲೆನೋವು ಹುಟ್ಟುವುದು ಅಲ್ಲಿಂದ.

ಕರ್ನಾಟಕದಲ್ಲಿ ಈ ಆಟ ಬೇರು ಬಿಟ್ಟಿದ್ದೇ ಮುಲ್ಕಿಯಲ್ಲಿ. ಅಮೆರಿಕದಲ್ಲಿ ಹುಟ್ಟಿ, ಸನ್ಯಾಸಿಯಾಗಿ ಭಾರತದಲ್ಲೇ ನೆಲೆಸಿದ ಜಾಕ್ ಹೆಬ್ನರ್ ಎಂಬವರು ಅಲ್ಲಿ ಆಶ್ರಮ ಮಾಡಿಕೊಂಡು, 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಅವರು ಹೆಸರಾದರು. ನಮ್ಮ ಕಡೆಯವರಿಗೆ ಸ್ವಾರಸ್ಯ ಎನಿಸುವ ಸಂಗತಿಯೆಂದರೆ, ಅವರ ಇನ್ನೊಂದು ಆಶ್ರಮ ಇದ್ದದ್ದು ಶ್ರೀರಂಗಪಟ್ಟಣದಲ್ಲಿ. 2011ರಲ್ಲಿ ಸರ್ಫಿಂಗ್ ಫೆಡರೇಶನ್ ಆಫ್ ಇಂಡಿಯಾ ಹುಟ್ಟಿತು. 2016ರ ಮೇ ತಿಂಗಳಲ್ಲಿ ಮೊದಲ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ನಡೆದದ್ದು ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲುವಿನಲ್ಲಿ, ನಂದಿನಿ ಮತ್ತು ಶಾಂಭವಿ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆಯ ಹತ್ತಿರ. ಅದೇ ವರ್ಷ ಕರಾವಳಿಯ ತನ್ವಿ ಜಗದೀಶ್ ಸ್ಟ್ಯಾಂಡ್‌ಅಪ್ ಪ್ಯಾಡಲ್ ವಿಶ್ವ ಚಾಂಪಿಯನ್‌ಷಿಪ್‌ಗೆಂದು ಫಿಜಿ ದ್ವೀಪಕ್ಕೆ ಹೋಗಿ ಭಾರತದ ಪರ ಸ್ಪರ್ಧಿಸಿದರು. ಕೇರಳದ ಕೋವಳಂ ಕಡಲಲ್ಲಿ ಬೆಳೆದ ಕನ್ನಡಿಗ ರಮೇಶ್ ಬೂದಿಹಾಳ್ 2025ರಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಕ್ರೀಡೆಯೂ ಹೌದು. ಅಂದಮೇಲೆ ಬೋರ್ಡು ಹೊತ್ತು ವಿಮಾನ ಹತ್ತುವವರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ. ಅವರಲ್ಲಿ ಪ್ರಾಯೋಜಕರು ಇರುವವರು ಬೆರಳೆಣಿಕೆಯಷ್ಟು. ಉಳಿದವರು ಕೈಯಿಂದಲೇ ಕಟ್ಟಬೇಕು.

ವಿಮಾನ ಕಂಪನಿ ಹೀಗೇಕೆ ಮಾಡುತ್ತದೆ? ಅದಕ್ಕೂ ಒಂದು ಲೆಕ್ಕವಿದೆ. ಸಾಮಾನ್ಯವಾಗಿ ಚೆಕ್‌ಇನ್ ಬ್ಯಾಗೊಂದರ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು. ಬಹುತೇಕ ವಿಮಾನ ಕಂಪನಿಗಳು ಒಪ್ಪಿಕೊಂಡ ಅಳತೆ ಇದು. ಒಂಬತ್ತು ಅಡಿಯ ಬೋರ್ಡನ್ನು ಚೀಲಕ್ಕೆ ಹಾಕಿದರೆ ಉದ್ದ ಸುಮಾರು 280, ಅಗಲ 65, ದಪ್ಪ 15 ಸೆಂಟಿಮೀಟರ್. ಕೂಡಿದರೆ 360. ಆರಡಿಯ ಚಿಕ್ಕ ಬೋರ್ಡು ಕೂಡ ಚೀಲ ಸೇರಿ 260ರ ಹತ್ತಿರ ಬರುತ್ತದೆ. ಅಂದರೆ ನಿಯಮದ ಕಣ್ಣಲ್ಲಿ ಸಣ್ಣದು, ದೊಡ್ಡದು ಎಂಬ ಭೇದವಿಲ್ಲ. ಎಲ್ಲವೂ ‘ಓವರ್‌ಸೈಜ್’. ಬೆಲ್ಟ್ ಮೇಲೆ ಹೋಗುವುದಿಲ್ಲ, ಮೂಲೆಯಲ್ಲಿ ತಿರುಗುವಾಗ ಸಿಕ್ಕಿಕೊಳ್ಳುತ್ತದೆ. ಮಾಮೂಲಿ ಎಕ್ಸ್‌ರೇ ಯಂತ್ರದ ಬಾಯಿಯೊಳಗೂ ತೂರುವುದಿಲ್ಲ. ಬೇರೆ ಕೌಂಟರಿಗೆ ಒಯ್ಯಬೇಕು, ಒಬ್ಬ ಲೋಡರ್ ಕೈಯಲ್ಲೇ ಹೊತ್ತು ವಿಮಾನದ ಹೊಟ್ಟೆಗೆ ಹಾಕಬೇಕು, ಅದರ ಮೇಲೆ ಪೆಟ್ಟಿಗೆ ಪೇರಿಸುವ ಹಾಗಿಲ್ಲ.

ನಮ್ಮ ಕಡೆ ಯಾರಿಗೆ ಬೇಕಾದರೂ ಇದು ಅರ್ಥವಾಗುತ್ತದೆ. ಭತ್ತದ ಮೂಟೆಗೆ ತೂಕದ ಮೇಲೆ ಬಾಡಿಗೆ ಹೇಳುವ ಲಾರಿಯವನು ಹುಲ್ಲಿನ ಹೊರೆಗೆ ಹಾಗೆ ಹೇಳುವುದಿಲ್ಲ, ಲೋಡಿಗೆ ಇಷ್ಟು ಎನ್ನುತ್ತಾನೆ. ಹುಲ್ಲು ಹಗುರ, ಆದರೆ ಲಾರಿ ತುಂಬಿಹೋಗುತ್ತದೆ. ಏರ್ ಕಾರ್ಗೋದವರು ಈ ಹಳ್ಳಿ ಲೆಕ್ಕವನ್ನೇ ಸೂತ್ರ ಮಾಡಿಕೊಂಡಿದ್ದಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆಯೇ ‘ವಾಲ್ಯೂಮೆಟ್ರಿಕ್’ ತೂಕ. ನಿಜವಾದ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ನಮ್ಮ ಒಂಬತ್ತು ಅಡಿಯ ಬೋರ್ಡಿಗೆ 280, 65, 15 ಗುಣಿಸಿದರೆ 2,73,000. ಕಾರ್ಗೋ ಲೆಕ್ಕದಲ್ಲಿ 45.5 ಕಿಲೋ, ಕೊರಿಯರ್ ಲೆಕ್ಕದಲ್ಲಿ 54.6 ಕಿಲೋ. ಚೀಲ ಸೇರಿ ಹತ್ತು ಕಿಲೋ ದಾಟದ ಸಾಮಾನಿಗೆ ಐವತ್ತು ಕಿಲೋ ಬಾಡಿಗೆ. ಹಾಗಾಗಿ ‘ವಿಮಾನದಲ್ಲಿ ಜತೆಗೆ ಒಯ್ಯುವುದು ಬೇಡ, ಮೊದಲೇ ಕೊರಿಯರ್ ಮಾಡಿಬಿಡೋಣ’ ಎಂದು ಜಾಣತನ ತೋರಲು ಹೊರಟವರಿಗೆ ಹೆಚ್ಚಿನ ಸಲ ಅದೇ ದುಬಾರಿಯಾಗುತ್ತದೆ.

ಪ್ರಯಾಣಿಕನ ಜತೆ ಹೋಗುವ ಬೋರ್ಡಿಗೆ ವಿಮಾನ ಕಂಪನಿಗಳು ಮೂರು ಬಗೆಯ ಪದ್ಧತಿ ಇಟ್ಟುಕೊಂಡಿವೆ. ಮೊದಲನೆಯದು, ಕ್ರೀಡಾ ಸಾಮಗ್ರಿಗೆ ಒಂದೇ ನಿಗದಿ ದರ; ಒಂದು ಸಲದ ಒಂದು ದಿಕ್ಕಿನ ಪ್ರಯಾಣಕ್ಕೆ ಇಷ್ಟು. ಎರಡನೆಯದು, ಉಚಿತ ಬ್ಯಾಗೇಜಿನ ಮಿತಿಯೊಳಗೆ ಅದನ್ನೂ ಸೇರಿಸಿಕೊಳ್ಳುವುದು. ಮಿತಿ ಮೀರಿದ ಕಿಲೋಗಳಿಗೆ ಮಾತ್ರ ದುಡ್ಡು. ಮೂರನೆಯದು, ಇಷ್ಟು ಉದ್ದ ಮೀರಿದರೆ ಒಯ್ಯುವುದೇ ಇಲ್ಲ ಎನ್ನುವುದು. ಒಂದೇ ಕಂಪನಿಯಲ್ಲಿ ಮೂರೂ ಒಟ್ಟಿಗೆ ಇರಬಹುದು, ವಿಮಾನ ಯಾವುದು ಎಂಬುದರ ಮೇಲೆ ಬದಲಾಗಲೂಬಹುದು.

ದೇಶದೊಳಗಿನ ಅಗ್ಗದ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ ಚೆಕ್‌ಇನ್. ಬೋರ್ಡಿಗೆ ಎಂಟೋ ಹತ್ತೋ ಹೋದರೆ ಬಟ್ಟೆಬರೆಗೆ ಉಳಿಯುವುದು ಅಷ್ಟಕ್ಕಷ್ಟೆ. ಮೀರಿದ ಪ್ರತಿ ಕಿಲೋಗೂ ಕೌಂಟರಿನಲ್ಲಿ ನೂರಾರು ರೂಪಾಯಿ. ಇದಕ್ಕೆ ಕಡಿವಾಣ ಹಾಕುವ ಪ್ರಯತ್ನ ನಡೆಯದೇ ಇರಲಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ 2016ರಲ್ಲಿ 15ರಿಂದ 20 ಕಿಲೋವರೆಗಿನ ಹೆಚ್ಚುವರಿ ತೂಕಕ್ಕೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಆದೇಶಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅಲ್ಲಿಂದ ಈಚೆಗೆ ದರ ನಿಗದಿ ಕಂಪನಿಗಳ ಮರ್ಜಿ.

ವಿಮಾನದ ಗಾತ್ರದ ಮಾತೂ ಇದೆ. ಮೈಸೂರಿನ ಮಂಡಕಳ್ಳಿಯಿಂದ ಹಾರುವುದು ಹೆಚ್ಚಾಗಿ ಎಟಿಆರ್ ವಿಮಾನ, ಎಪ್ಪತ್ತು ಚಿಲ್ಲರೆ ಸೀಟಿನ, ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಜಾತಿಯದು. ಮಂಗಳೂರಿಗೂ ಇದು ಬರುತ್ತದೆ. ಇದರ ಸಾಮಾನು ಕೋಣೆ ಚಿಕ್ಕದು. ಏರ್‌ಬಸ್ 320ರಲ್ಲಿ ಹಿಡಿಸುವ ಉದ್ದದ ಚೀಲ ಇದರಲ್ಲಿ ಹಿಡಿಸದೇ ಹೋಗಬಹುದು. ಟಿಕೆಟ್ ಮಾಡುವಾಗ ಪರದೆಯ ಮೇಲೆ ವಿಮಾನದ ಮಾದರಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೋರ್ಡು ಒಯ್ಯುವವನು ದರಕ್ಕಿಂತ ಮೊದಲು ನೋಡಬೇಕಾದ್ದು ಅದನ್ನು.

ಮಿರ್ಲೆ ಕಡೆಯ ನಮ್ಮ ಸಂಬಂಧಿಕರ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶ್ರೀಲಂಕಾಕ್ಕೆ ಹೋಗುವಾಗ ಬೆಂಗಳೂರಿನಿಂದ ಚೆನ್ನೈಗೆ ಒಂದು ಕಂಪನಿಯಲ್ಲಿ, ಚೆನ್ನೈಯಿಂದ ಕೊಲಂಬೊಗೆ ಇನ್ನೊಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಬೇರೆ ಟಿಕೆಟ್ ಮಾಡಿಸಿದ್ದ. ಬೆಂಗಳೂರಿನ ಕೌಂಟರಿನಲ್ಲಿ ಅವನ ಚೀಲ ನೋಡಿದ್ದೇ ಸಿಬ್ಬಂದಿ ಅಳತೆ ಟೇಪು ತೆಗೆದರಂತೆ. ಮೂತಿಯಿಂದ ಬಾಲದವರೆಗೆ ಟೇಪು ಹಿಡಿದು ಒಬ್ಬರು ಓದಿದರು, ಇನ್ನೊಬ್ಬರು ಬರೆದುಕೊಂಡರು. ‘ಎತ್ತಿ ನೋಡಿ ಮೇಡಂ, ಒಂಬತ್ತು ಕಿಲೋನೂ ಇಲ್ಲ’ ಎಂದು ಇವನ ವಾದ. ‘ತೂಕದ ಪ್ರಶ್ನೆ ಅಲ್ಲ ಸರ್, ಉದ್ದದ್ದು’ ಎಂದು ಅವರ ಉತ್ತರ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಕಾರ್ಡು ಉಜ್ಜಿದ. ಚೆನ್ನೈಯಲ್ಲಿ ಚೀಲ ಇಳಿಸಿಕೊಂಡು ಮತ್ತೆ ಚೆಕ್‌ಇನ್, ಮತ್ತೆ ಟೇಪು, ಮತ್ತೆ ಕಾರ್ಡು. ಬರುವಾಗ ಇದೇ ಕಥೆ ಹಿಂದುಮುಂದಾಗಿ. ಊರಿಗೆ ಬಂದಾಗ ಹೇಳಿದ: ‘ಅದಕ್ಕೂ ಒಂದು ಸೀಟು ಬುಕ್ ಮಾಡಿ ಕಿಟಕಿ ಪಕ್ಕ ಕೂರ್ಸಿದ್ರೆ ಅಗ್ಗ ಆಗ್ತಿತ್ತು ಕಣ್ ಮಾವ.’

ಅವನು ತೆತ್ತ ದಂಡದಲ್ಲೇ ಮೊದಲ ಉಪಾಯ ಅಡಗಿದೆ. ಬೋರ್ಡು ಜತೆಗಿದ್ದರೆ ಟಿಕೆಟ್ಟು ಒಂದೇ ಇರಬೇಕು, ಒಂದೇ ಪಿಎನ್ಆರ್ ಇರಬೇಕು. ಒಂದೇ ಟಿಕೆಟ್ಟಿನಲ್ಲಿ ಎರಡು ಕಂಪನಿಯ ವಿಮಾನ ಬದಲಿಸಿದರೂ ಸಾಮಾನ್ಯವಾಗಿ ಇಡೀ ದಾರಿಗೆ ಒಂದೇ ಬ್ಯಾಗೇಜ್ ನಿಯಮ ಅನ್ವಯಿಸುತ್ತದೆ, ಚೀಲ ಕೊನೆಯ ಊರಿಗೇ ಟ್ಯಾಗ್ ಆಗುತ್ತದೆ. ಬೇರೆ ಬೇರೆ ಟಿಕೆಟ್ಟಾದರೆ ಪ್ರತಿ ಕೌಂಟರೂ ಹೊಸ ಕೌಂಟರೇ. ಅದರಲ್ಲೂ ಅಂತರರಾಷ್ಟ್ರೀಯ ಟಿಕೆಟ್ಟಿನ ಉದಾರ ಮಿತಿ ದೇಶದೊಳಗಿನ ಬೇರೆ ಟಿಕೆಟ್ಟಿಗೆ ಬರುವುದಿಲ್ಲ.

ಎರಡನೆಯದು, ಒಟ್ಟು ಲೆಕ್ಕ ಹಾಕಿ ಕಂಪನಿ ಆರಿಸಿಕೊಳ್ಳುವುದು. ಟಿಕೆಟ್ ದರದ ಪಕ್ಕದಲ್ಲಿ ಬೋರ್ಡಿನ ಹೋಗಿಬರುವ ಶುಲ್ಕವನ್ನೂ ಬರೆದು ಕೂಡಬೇಕು. ಕೊಲ್ಲಿ ದೇಶಗಳ ಮತ್ತು ಪೂರ್ವ ಏಷ್ಯಾದ ಕೆಲವು ದೊಡ್ಡ ಕಂಪನಿಗಳು ಕ್ರೀಡಾ ಸಾಮಗ್ರಿಯನ್ನು ಉಚಿತ ತೂಕದೊಳಗೆ ಸೇರಿಸಿಕೊಳ್ಳುತ್ತವೆ. ಅವುಗಳ ಟಿಕೆಟ್ಟು ಮೇಲ್ನೋಟಕ್ಕೆ ದುಬಾರಿ, ಕೂಡಿ ನೋಡಿದರೆ ಅಗ್ಗ ಎನ್ನುವುದು ಅಪರೂಪವೇನಲ್ಲ. ಅಲ್ಲಿಯೂ ಉದ್ದಕ್ಕೊಂದು ಮಿತಿ ಇರುತ್ತದೆ. ಆಸ್ಟ್ರೇಲಿಯದ ಕ್ವಾಂಟಾಸ್ 277 ಸೆಂಟಿಮೀಟರ್‌ವರೆಗಿನ ಬೋರ್ಡುಗಳನ್ನು ಬ್ಯಾಗೇಜಿನಲ್ಲಿ ತೆಗೆದುಕೊಳ್ಳುತ್ತದೆ. ನಮ್ಮ 280ರ ಚೀಲ ಅಲ್ಲಿ ಮೂರು ಸೆಂಟಿಮೀಟರಿನಿಂದ ಹೊರಬೀಳುತ್ತದೆ. ಹಾಗಾಗಿ ಚೀಲ ಕೊಳ್ಳುವಾಗ ಬೋರ್ಡಿಗೆ ಸರಿಯಾಗಿ ಕೂರುವುದನ್ನೇ ಕೊಳ್ಳಬೇಕು. ಮುಂದೆ ದೊಡ್ಡ ಬೋರ್ಡು ತಗೊಂಡರೆ ಬರಲಿ ಎಂದು ಒಂದಡಿ ಹೆಚ್ಚಿನದು ಕೊಂಡರೆ ಆ ಒಂದಡಿಗೂ ಬಾಡಿಗೆ ಕಟ್ಟುತ್ತೀರಿ. ಜೊತೆಗೆ, ಕ್ರೀಡಾ ಸಾಮಗ್ರಿ ಇದೆ ಎಂದು ಮುಂಚೆಯೇ ಆನ್‌ಲೈನಿನಲ್ಲಿ ಬುಕ್ ಮಾಡಿ ದುಡ್ಡು ಕಟ್ಟುವುದು ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಕಂಪನಿಯ ಒಪ್ಪಿಗೆಯ ಇಮೇಲನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಕುಳಿತವರಿಗೆ ಈ ನಿಯಮ ದಿನಾ ಬಳಸಿ ಗೊತ್ತಿರುವುದಿಲ್ಲ, ಕೈಯಲ್ಲಿ ಕಾಗದ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಮೂರನೆಯದು, ಒಂದು ಚೀಲದಲ್ಲಿ ಎರಡು ಬೋರ್ಡು. ಸ್ಪರ್ಧೆಗೆ ಹೋಗುವವರು ಒಂದೇ ಬೋರ್ಡಿನಿಂದ ಹೊರಡುವುದಿಲ್ಲ, ಸಣ್ಣ ಅಲೆಗೊಂದು, ದೊಡ್ಡ ಅಲೆಗೊಂದು, ಮುರಿದರೆ ಇರಲೆಂದು ಇನ್ನೊಂದು ಬೇಕು. ಕೆಲವು ಕಂಪನಿಗಳು ಚೀಲಕ್ಕೆ ಶುಲ್ಕ ಹಾಕುತ್ತವೆ, ಕೆಲವು ಚೀಲದೊಳಗಿನ ಪ್ರತಿ ಬೋರ್ಡಿಗೆ. ಚೀಲದ ಲೆಕ್ಕವಿದ್ದಲ್ಲಿ ಇಬ್ಬರು ಗೆಳೆಯರು ಸೇರಿ ಒಂದೇ ಚೀಲ ಮಾಡಿ ಶುಲ್ಕ ಹಂಚಿಕೊಳ್ಳಬಹುದು. ಬೋರ್ಡಿನ ಲೆಕ್ಕವಿದ್ದಲ್ಲಿ ಒಂದೇ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕಷ್ಟ, ಓವರ್‌ಸೈಜ್ ಕೌಂಟರಿನಲ್ಲಿ ಚೀಲ ಬಿಚ್ಚಿಸಿ ನೋಡುವುದು ಮಾಮೂಲು.

ನಾಲ್ಕನೆಯದು ಬೋರ್ಡನ್ನೇ ಬದಲಿಸುವುದು. ಎರಡು ಅಥವಾ ಮೂರು ತುಂಡಾಗಿ ಬಿಚ್ಚಿ ಜೋಡಿಸುವ ಬೋರ್ಡುಗಳಿವೆ. ಬೆಲೆ ಹೆಚ್ಚು, ಆಯ್ಕೆ ಕಡಿಮೆ, ಆದರೆ ದೊಡ್ಡ ಸೂಟ್‌ಕೇಸಿನಷ್ಟೇ ಜಾಗ ಸಾಕು. ಪ್ಯಾಡಲ್ ಹಿಡಿದು ನಿಂತು ಹೋಗುವವರಿಗಂತೂ ಗಾಳಿ ತುಂಬುವ ಬೋರ್ಡು ದೊಡ್ಡ ಉಪಕಾರ ಮಾಡಿದೆ. ಅವರ ರೇಸ್ ಬೋರ್ಡು ಹನ್ನೆರಡೂವರೆಯಿಂದ ಹದಿನಾಲ್ಕು ಅಡಿಯವರೆಗೆ ಇರುತ್ತದೆ, ಅಷ್ಟುದ್ದವನ್ನು ಬಹುತೇಕ ಕಂಪನಿಗಳು ಮುಟ್ಟುವುದೇ ಇಲ್ಲ. ಗಾಳಿ ತೆಗೆದು ಸುರುಳಿ ಸುತ್ತಿದರೆ ಅದು ಬೆನ್ನಿಗೆ ಹಾಕುವ ಚೀಲವಾಗುತ್ತದೆ. ಹೊಳೆಯಲ್ಲಿ, ಹಿನ್ನೀರಿನಲ್ಲಿ ಓಡಾಡಲು ಸೊಗಸು. ದೊಡ್ಡ ಅಲೆಯ ಮೇಲೆ ಮಾತ್ರ ಗಟ್ಟಿ ಬೋರ್ಡಿನ ಚುರುಕು ಅದಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಮಾಡಿ ಬೋರ್ಡನ್ನು ಒಯ್ಯುವುದೇ ಎಂದು ತೀರ್ಮಾನಿಸಿದರೆ ಕಟ್ಟುವ ಕೆಲಸವನ್ನು ಶ್ರದ್ಧೆಯಿಂದ ಮಾಡಬೇಕು. ಬೋರ್ಡೆಂದರೆ ಒಳಗೆ ಫೋಮು, ಹೊರಗೆ ರಾಳದಲ್ಲಿ ನೆನೆದ ಫೈಬರ್ ಗ್ಲಾಸಿನ ತೆಳು ಹೊದಿಕೆ. ಮೂಲೆಯೊಂದು ಕಬ್ಬಿಣಕ್ಕೆ ಬಡಿದರೆ ಸಾಕು, ಹೊದಿಕೆ ಒಡೆದು ಒಳಗೆ ನೀರು ಹೋಗುತ್ತದೆ. ಮೊದಲು ಅಡಿಯ ರೆಕ್ಕೆಗಳನ್ನು, ಅಂದರೆ ಫಿನ್‌ಗಳನ್ನು ಬಿಚ್ಚಬೇಕು, ಅದರ ಸಣ್ಣ ಕೀಲಿಯನ್ನು ಫಿನ್ ಜತೆಗೇ ಕಟ್ಟಿಡಬೇಕು. ಕಾಲಿಗೆ ಕಟ್ಟುವ ಲೀಶ್ ತೆಗೆದು ಸುತ್ತಿಡಬೇಕು. ಹಳೆ ಮೇಣವನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಕರಗಿ ಚೀಲವೆಲ್ಲ ಅಂಟು. ಎಪಾಕ್ಸಿ ಬೋರ್ಡಿನ ಮೇಲೆ ಗಾಳಿ ಬಿಡುವ ತಿರುಪು ಇದ್ದರೆ ಹಾರಾಟಕ್ಕೆ ಮುಂಚೆ ಸಡಿಲಿಸಬೇಕು, ನೀರಿಗೆ ಇಳಿಯುವ ಮುಂಚೆ ಮರೆಯದೆ ಬಿಗಿಮಾಡಬೇಕು. ಆಮೇಲೆ ಅಂಚು. ಪ್ಲಂಬಿಂಗ್ ಅಂಗಡಿಯಲ್ಲಿ ಬಿಸಿನೀರಿನ ಪೈಪಿಗೆ ತೊಡಿಸುವ ಕಪ್ಪು ಫೋಮಿನ ಕೊಳವೆ ಸಿಗುತ್ತದೆ. ಉದ್ದಕ್ಕೆ ಸೀಳಿ ಬೋರ್ಡಿನ ಎರಡೂ ಅಂಚಿಗೆ ತೊಡಿಸಿ ಟೇಪು ಹಾಕಿದರೆ ಅರ್ಧ ಚಿಂತೆ ಕಳೆಯಿತು. ಮೂತಿಗೂ ಬಾಲಕ್ಕೂ ಹಳೆಯ ಟವೆಲ್ಲು, ಅದರ ಮೇಲೆ ದಪ್ಪ ರಟ್ಟು. ಖಾಲಿ ಉಳಿದ ಜಾಗಕ್ಕೆ ಉಡುವ ಬಟ್ಟೆ. ಹೀಗೆ ಮಾಡಿದರೆ ಬಟ್ಟೆಗೆಂದು ಇನ್ನೊಂದು ಬ್ಯಾಗೂ ಬೇಡ. ಆದರೆ ತೂಕದ ಮಿತಿ ಗಮನದಲ್ಲಿರಲಿ. ರಿಪೇರಿಗೆಂದು ಇಟ್ಟುಕೊಳ್ಳುವ ರಾಳ, ಹಾರ್ಡನರ್ ಡಬ್ಬಿಗಳನ್ನು ವಿಮಾನಕ್ಕೆ ತರುವ ಹಾಗಿಲ್ಲ. ಬೆಂಕಿ ಹಿಡಿಯುವ ಪದಾರ್ಥ ಅವು.

ಒಡೆದು ಬಂದರೆ? ಇಂಥ ಸಾಮಾನು ತೆಗೆದುಕೊಳ್ಳುವಾಗ ಕೌಂಟರಿನಲ್ಲಿ ‘ಲಿಮಿಟೆಡ್ ರಿಲೀಸ್’ ಟ್ಯಾಗಿಗೆ ಸಹಿ ಕೇಳುತ್ತಾರೆ. ಒಡೆದರೆ ನಮ್ಮ ಜವಾಬ್ದಾರಿ ಕಡಿಮೆ ಎಂದು ಕಂಪನಿ ಮೊದಲೇ ಬರೆಸಿಕೊಳ್ಳುವ ಚೀಟಿ ಅದು. ಸಹಿ ಮಾಡುವ ಮುಂಚೆ ಓದಿ, ಚೀಲ ಮುಚ್ಚುವ ಮುಂಚೆ ಬೋರ್ಡಿನ ನಾಲ್ಕೂ ಕಡೆಯ ಫೋಟೊ ತೆಗೆದಿಡಿ. ಇಳಿದ ಮೇಲೆ ಹೊರಬಾಗಿಲು ದಾಟುವ ಮೊದಲೇ ಚೀಲ ಬಿಚ್ಚಿ ನೋಡಿ, ಪೆಟ್ಟಾಗಿದ್ದರೆ ಅಲ್ಲೇ ಪಿಐಆರ್ ಎಂಬ ದೂರಿನ ಪತ್ರ ಬರೆಸಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ಲಿಖಿತ ದೂರು ಸಾಮಾನು ಕೈಗೆ ಬಂದ 7 ದಿನದೊಳಗೆ ಸಲ್ಲಬೇಕು. ಒಬ್ಬ ಪ್ರಯಾಣಿಕನ ಬ್ಯಾಗೇಜಿಗೆ ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಲೆಕ್ಕಕ್ಕೆ ಬಳಸುವ ಹಣದ ಮಾನ), ಅಂದರೆ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು. ದೇಶದೊಳಗಿನ ಹಾರಾಟದಲ್ಲಿ ಮಿತಿ 20,000 ರೂಪಾಯಿ. ಹೊರದೇಶದಿಂದ ತರಿಸಿದ ಒಳ್ಳೆಯ ಬೋರ್ಡಿನ ಬೆಲೆ ಅದನ್ನು ಸುಲಭವಾಗಿ ದಾಟುತ್ತದೆ.

ಹಾಗಾದರೆ ನಮ್ಮ ಹುಡುಗರು ಏನು ಮಾಡಬೇಕು? ಮುಲ್ಕಿಗೆ ಹೋಗುವ ಮಾತಾದರೆ ವಿಮಾನದ ಯೋಚನೆಯನ್ನೇ ಬಿಡಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ ಹಾದು ಬಂಟ್ವಾಳ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 275 ಇದೆ. ಅಲ್ಲಿಂದ ಮಂಗಳೂರು, ಮಂಗಳೂರಿನಿಂದ ಉತ್ತರಕ್ಕೆ ಹೆದ್ದಾರಿ 66ರಲ್ಲಿ ಮುಲ್ಕಿ. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿನ ಮೇಲೂ ಒಂಬತ್ತು ಅಡಿಯ ಬೋರ್ಡು ಹಿಂದಕ್ಕೆ ಚಾಚದೆ ಕೂರುತ್ತದೆ. ಅಡಿಗೆ ದಪ್ಪ ಫೋಮು ಹಾಕಿ, ಬಿಚ್ಚಿಕೊಳ್ಳದ ಪಟ್ಟಿಯಿಂದ ಎರಡು ಕಡೆ ಬಿಗಿದರೆ ಸಾಕು. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬೋರ್ಡು ಬಿಡಬಾರದು, ಕಾವಿಗೆ ಹೊದಿಕೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಆ ಘಟ್ಟದ ರಸ್ತೆ ನಂಬುವಂಥದ್ದಲ್ಲ, 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ದಾರಿಯೇ ಕಿತ್ತುಹೋಗಿತ್ತು. ಮುಂಗಾರಿನ ಅಬ್ಬರದಲ್ಲಿ ಅಲ್ಲಿನ ಕಡಲೂ ಕಲಿಯುವವರಿಗೆ ಹೇಳಿಸಿದ್ದಲ್ಲ.

ರೈಲೂ ಇದೆ. ಮೈಸೂರು–ಹಾಸನ ಮಾರ್ಗ ಕೆ.ಆರ್. ನಗರದ ಮೇಲೇ ಹೋಗುತ್ತದೆ. ಬೆಂಗಳೂರಿನಿಂದ ಮೈಸೂರು, ಹಾಸನ, ಮಂಗಳೂರು ಮೂಲಕ ಮುರ್ಡೇಶ್ವರಕ್ಕೆ ಹೋಗುವ ರಾತ್ರಿ ರೈಲು ಇದೇ ಹಳಿಯಲ್ಲಿ ಓಡುತ್ತದೆ. ಸ್ಲೀಪರ್ ಪ್ರಯಾಣಿಕನಿಗೆ 40 ಕಿಲೋ ಉಚಿತ. ಆದರೆ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆ 100, 60, 25 ಸೆಂಟಿಮೀಟರ್ ಅಳತೆ ಮೀರಬಾರದೆಂಬ ನಿಯಮವಿದೆ. ಬೋರ್ಡನ್ನು ಲಗೇಜ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಹಾಕಬೇಕು. ಹತ್ತಿಸಿ ಇಳಿಸಲು ರೈಲು ಕೊಂಚ ಹೊತ್ತು ನಿಲ್ಲುವ ದೊಡ್ಡ ನಿಲ್ದಾಣಗಳೇ ಇದಕ್ಕೆ ಸರಿ. ಮೈಸೂರಿನಲ್ಲಿ ಹತ್ತಿಸಿ ಮಂಗಳೂರಿನಲ್ಲಿ ಇಳಿಸಿಕೊಳ್ಳುವುದು ಕ್ಷೇಮ. ಖರ್ಚು ವಿಮಾನದ ಲೆಕ್ಕಕ್ಕೆ ಹೋಲಿಸಿದರೆ ಏನೇನೂ ಅಲ್ಲ.

ಸಮುದ್ರದಾಚೆಗೆ ಹೋಗುವವರಿಗೆ ನನ್ನ ಸಲಹೆ ಇನ್ನೂ ಸರಳ: ಬೋರ್ಡನ್ನು ಮನೆಯಲ್ಲೇ ಬಿಡಿ. ಹವಾಯಿಯ ಡ್ಯೂಕ್ ಕಹಾನಮೊಕು ಜಗತ್ತಿಗೆ ಸರ್ಫಿಂಗ್ ಪರಿಚಯಿಸಿದವರಲ್ಲಿ ಅಗ್ರಗಣ್ಯ, ಒಲಿಂಪಿಕ್ ಈಜಿನ ಚಿನ್ನದ ಪದಕ ವಿಜೇತ. 1914ರ ಕೊನೆಯಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಆತ ಸಿಡ್ನಿಯಲ್ಲೇ ಶುಗರ್ ಪೈನ್ ಮರ ಕೊಂಡು ಬೋರ್ಡು ಮಾಡಿಕೊಂಡ, ಡಿಸೆಂಬರಿನಲ್ಲಿ ಫ್ರೆಶ್‌ವಾಟರ್ ಕಡಲತೀರದಲ್ಲಿ ಅಲೆ ಏರಿ ತೋರಿಸಿದ, ಊರಿಗೆ ಮರಳುವಾಗ ಬೋರ್ಡನ್ನು ಅಲ್ಲೇ ಬಿಟ್ಟುಬಂದ. ಅದು ಇಂದಿಗೂ ಅಲ್ಲಿನ ಕ್ಲಬ್ಬಿನಲ್ಲಿದೆ. ನಾವು ಮರ ಕಡಿದು ಬೋರ್ಡು ಕೆತ್ತಬೇಕಾಗಿಲ್ಲ. ಶ್ರೀಲಂಕಾದ ವೆಲಿಗಾಮ, ಅರುಗಂ ಕೊಲ್ಲಿ, ಬಾಲಿಯ ಕುಟಾ ತೀರಗಳಲ್ಲಿ ಬಾಡಿಗೆಗೆ ಸಾಲುಸಾಲು ಬೋರ್ಡು ನಿಲ್ಲಿಸಿರುತ್ತಾರೆ. ಕಲಿಯುವವನಿಗೂ ವಾರದ ರಜೆಯವನಿಗೂ ಅವು ಧಾರಾಳ. ತಿಂಗಳುಗಟ್ಟಲೆ ಇರುವವರು ಅಲ್ಲೇ ಹಳೆಯದೊಂದು ಕೊಂಡು, ಹೊರಡುವಾಗ ಮಾರಿ ಬರುತ್ತಾರೆ. ಕಳೆದುಕೊಳ್ಳುವುದು ವ್ಯತ್ಯಾಸದಷ್ಟೇ. ಫಿನ್, ಲೀಶ್ ಮಾತ್ರ ತಮ್ಮವನ್ನೇ ಒಯ್ದರೆ ಬಾಡಿಗೆ ಬೋರ್ಡೂ ಅರ್ಧ ಸ್ವಂತದ್ದಾಗುತ್ತದೆ.

ಬೋರ್ಡು ಒಯ್ಯಲೇಬೇಕಾದವರು ಸ್ಪರ್ಧಿಗಳು. ತಮ್ಮ ಮೈತೂಕಕ್ಕೆ, ಕಾಲಿಗೆ ಹೊಂದಿದ ಬೋರ್ಡು ಬಿಟ್ಟು ಬಾಡಿಗೆಯದರಲ್ಲಿ ಪದಕ ಗೆಲ್ಲು ಎನ್ನಲಾಗದು. ಅವರ ಪ್ರಶ್ನೆ ಬೇರೆ, ಅದಕ್ಕೆ ಉತ್ತರ ಹೇಳಬೇಕಾದವರೂ ಬೇರೆ. ವಿಮಾನ ಕಂಪನಿಗಳ ಮನಸ್ಸು ಕಲ್ಲೇನಲ್ಲ, ಅಭಿಪ್ರಾಯದ ಒತ್ತಡಕ್ಕೆ ಅದು ಅತ್ತಲೂ ವಾಲುತ್ತದೆ ಇತ್ತಲೂ ವಾಲುತ್ತದೆ. 2007ರಲ್ಲಿ ಬ್ರಿಟಿಷ್ ಏರ್‌ವೇಸ್ ಸರ್ಫ್‌ಬೋರ್ಡುಗಳನ್ನು ಒಯ್ಯುವುದನ್ನೇ ನಿಲ್ಲಿಸಿತು, ಸರ್ಫರ್‌ಗಳು ದೊಡ್ಡ ಗದ್ದಲ ಎಬ್ಬಿಸಿದರು. 2019ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಕ್ರೀಡಾ ಸಾಮಗ್ರಿ ಮತ್ತು ಸಂಗೀತ ವಾದ್ಯಗಳ ಮೇಲೆ ಹಾಕುತ್ತಿದ್ದ 150 ಡಾಲರಿನ ಓವರ್‌ಸೈಜ್ ಶುಲ್ಕವನ್ನು ತೆಗೆದುಹಾಕಿ, ಮಾಮೂಲಿ ಬ್ಯಾಗಿನ ದರಕ್ಕೆ ಇಳಿಸಿತು. ಕ್ರೀಡೆಯನ್ನೂ ಸಂಗೀತವನ್ನೂ ಒಂದೇ ಸಾಲಿನಲ್ಲಿ ತಂದದ್ದು ನ್ಯಾಯವೇ. ವೀಣೆ ಹೊತ್ತು ಕಛೇರಿಗೆ ಹೋಗುವ ಮೈಸೂರಿನ ವೈಣಿಕರಿಗೂ, ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬುವ ವಿಜಯಪುರದ ಸೈಕ್ಲಿಸ್ಟುಗಳಿಗೂ ಕೌಂಟರಿನಲ್ಲಿ ಎದುರಾಗುವುದು ಇದೇ ಟೇಪು.

ನಮ್ಮ ಕಂಪನಿಗಳು ಉಚಿತವಾಗಿ ಒಯ್ಯಲಿ ಎಂದು ಯಾರೂ ಕೇಳುತ್ತಿಲ್ಲ. ಜಾಗ ಹಿಡಿಯುವ ಸಾಮಾನಿಗೆ ಬಾಡಿಗೆ ಕೊಡಬೇಕಾದ್ದು ಸರಿಯೇ. ಆದರೆ ಆ ಬಾಡಿಗೆ ಎಷ್ಟು, ಎಷ್ಟು ಉದ್ದದವರೆಗೆ, ಯಾವ ವಿಮಾನದಲ್ಲಿ ಎಂಬ ಮೂರು ಸಂಗತಿ ಟಿಕೆಟ್ ಕೊಳ್ಳುವ ಪುಟದಲ್ಲೇ, ಕನ್ನಡದಲ್ಲೂ ಕಾಣಬೇಕು. ಕೌಂಟರಿನಲ್ಲಿ ಟೇಪು ಹಿಡಿದ ಮೇಲೆ ತಿಳಿಯುವ ದರವನ್ನು ದರ ಎನ್ನುವುದಿಲ್ಲ, ದಂಡ ಎನ್ನುತ್ತಾರೆ. ಡಿಜಿಸಿಎ ದರ ಕಟ್ಟುವುದಕ್ಕೆ ಕೋರ್ಟು ಒಪ್ಪಲಿಲ್ಲ, ಸರಿ. ದರವನ್ನು ಮುಂಚೆಯೇ ತೋರಿಸಿ ಎನ್ನುವುದಕ್ಕೆ ಯಾವ ಕೋರ್ಟೂ ಅಡ್ಡ ಬರಲಾರದು. ರಾಜ್ಯದ ಕ್ರೀಡಾ ಇಲಾಖೆಯೂ ಆಟಗಾರನ ಪ್ರಯಾಣ ಭತ್ಯೆಯಲ್ಲಿ ಸಾಮಗ್ರಿ ಸಾಗಣೆಗೆ ಒಂದು ಸಾಲು ಸೇರಿಸಲಿ. ಉಳಿದ ನಾವು, ರಜೆಗೆ ಹೋಗುವವರು, ಬುಕ್ ಮಾಡುವ ಮುಂಚೆ ಕಂಪನಿಗೆ ಒಂದು ಇಮೇಲು ಬರೆಯೋಣ, ಮನೆಯಲ್ಲೇ ಬೋರ್ಡಿಗೆ ಟೇಪು ಹಿಡಿಯೋಣ. ಲೆಕ್ಕ ಗಿಟ್ಟದಿದ್ದರೆ ಬೋರ್ಡನ್ನು ಗೋಡೆಗೆ ಒರಗಿಸಿ, ಫಿನ್ ಎರಡನ್ನು ಬ್ಯಾಗಿಗೆ ಹಾಕಿಕೊಂಡು ಹೊರಡೋಣ.